ಎರಡು ಗ್ರಾಂ

ಹನ್ನೊಂದು ನಿಮಿಷ.
ಮೇಜಿನ ಮೇಲಾದರೆ ಅಷ್ಟೇ ಅದರ ಆಯಸ್ಸು.
ಮೊದಲು ಫ್ಯಾನು ಗೊರಗೊರ,
ಆಮೇಲೆ ಕೀಲಿಗಳ ಎಡಮೂಲೆ ಕಾದ ಕಾವಲಿ,
ಆಮೇಲೆ ಮಾತಿಲ್ಲ ಕತೆಯಿಲ್ಲ, ಪರದೆ ಕಪ್ಪು.
ಅದರೊಳಗೆ ನನ್ನದೇ ಮುಖ,
ಬಾಯಿ ಅರ್ಧ ತೆರೆದು.

ಕಿಟಕಿಯ ಕಟ್ಟೆಯ ಮೇಲೆ ಹತ್ತೊಂಬತ್ತು.
ಅಡಿಗೆ ಎರಡು ಚಹಾ ಬಟ್ಟಲು ಕೊಟ್ಟು ಎತ್ತರಿಸಿದರೆ
ಇಪ್ಪತ್ತೆರಡು.
ಎಲ್ಲ ಹಳೆ ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟಿದ್ದೇನೆ,
ಜ್ವರ ಬಂದವರ ತಲೆದೆಸೆಯಲ್ಲಿ ಬರೆದಿಡುವ ಹಾಗೆ.

ಉಲಾನ್‌ಬಾತರಿನಲ್ಲಿ ಈ ವಾರ
ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ.
ಬಸ್ಸಿನ ಗಾಜಿನೊಳಗೆ ಜನರ ಉಸಿರೇ ಹೆಪ್ಪುಗಟ್ಟಿ
ಮಕ್ಕಳು ಉಗುರಿನಿಂದ ಅದರಲ್ಲಿ ಹೆಸರು ಕೆರೆಯುತ್ತವೆ.
ಊರಿಗೆ ಊರೇ ಬೆಚ್ಚಗಿರಲೆಂದು ಇದ್ದಿಲ ಉಂಡೆ ಸುಡುತ್ತಿರುವಾಗ
ಈ ಒಂದು ಪ್ರಾಣಿಗೆ ಮಾತ್ರ ಸೆಕೆ!

ಒಂದು ರಾತ್ರಿ ಬಾಲ್ಕನಿಗೇ ಒಯ್ದೆ.
ಅಕ್ಕ ಹುಲಾನ್ ಬಾಗಿಲಲ್ಲಿ ನಿಂತು,
"ಜ್ವರ ಯಾರಿಗೆ, ಅದಕ್ಕೋ ನಿನಗೋ?"
ನಲವತ್ತು ನಿಮಿಷ ದಾಟಿತು. ಒಂದು ತಾಸು.
ಅದು ನಿರಾಳವಾಗಿ ಉಸಿರಾಡಿತು, ನನ್ನ ಬೆರಳು ನನ್ನವಾಗಿ ಉಳಿಯಲಿಲ್ಲ.
ಕೈಗವಸು ತೊಟ್ಟು ಎಂಟು ಒತ್ತಿದರೆ
ಅಕ್ಕಪಕ್ಕದ ಏಳೂ ಒಂಬತ್ತೂ ಕರೆಯದೆ ಬಂದವು:
ವಿಧವೆ ದೋರ್ಜ್‌ಪಲಮಳ ಎಂಬತ್ತು ಮೇಕೆ
ಏಳು ಸಾವಿರದ ಎಂಟುನೂರ ತೊಂಬತ್ತಾಗಿ
ಅವಳು ಆ ಗಳಿಗೆ ಪ್ರಾಂತ್ಯಕ್ಕೇ ಶ್ರೀಮಂತೆ.
ಅಳಿಸುವಷ್ಟರಲ್ಲಿ ಬ್ಯಾಟರಿ ಚಳಿಗೆ ಕುಸಿಯಿತು.

ನನ್ನದು ಲೆಕ್ಕದ ಕೆಲಸ. ಮೇಕೆ ಕಾಯುವವರ ಸಂಘ.
ವಸಂತದಲ್ಲಿ ಮೂಟೆಗಳ ಮೇಲೆಯೇ ಇದನ್ನು ತೆರೆದಿಟ್ಟು
ಯಾರ ತುಪ್ಪಳ ಎಷ್ಟು ತೂಗಿತು, ಯಾರಿಗೆ ಎಷ್ಟು ಮುಂಗಡ,
ಯಾರು ಮೂಟೆಯ ತಳಕ್ಕೆ ಮರಳು ಸೇರಿಸಿದರು
(ಅದಕ್ಕೊಂದು ಬೇರೆ ಕಾಲಮ್ಮು, ನನಗಷ್ಟೇ ಗೊತ್ತು).
ಹೊಸದನ್ನು ಕೊಳ್ಳಬಹುದಿತ್ತು. ಕಳೆದ ವರ್ಷದ ಬೆಲೆಗೆ
ನಾಲ್ಕು ಮೂಟೆ. ಯಾರ ಮೂಟೆ?
ಅದರ ಉತ್ತರವೂ ಇದರ ಹೊಟ್ಟೆಯಲ್ಲೇ ಇದೆ.

ಗನ್‌ಸುಖ್‌ನ ಅಂಗಡಿ ಒಂದು ತುಕ್ಕು ಕಂಟೇನರು.
ಹನ್ನೆರಡು ತಿರುಪು ಬಿಚ್ಚಿ
ವೋಡ್ಕಾ ಬಾಟಲಿಯ ಮುಚ್ಚಳದಲ್ಲಿ ಹಾಕಿದ.
ಹದಿಮೂರನೆಯದು ಮೊದಲೇ ಕಳೆದಿತ್ತು,
ಹಿಂದೆಯೂ ಯಾರೋ ಒಳಹೊಕ್ಕು ನೋಡಿರಬೇಕು.
ಮಾತಾಡದೆ ಚಿಮುಟ ಹಿಡಿದು ಎಳೆದ.
ಬಂತು,
ಬರುತ್ತಲೇ ಬಂತು:
ಎಂಟು ಚಳಿಗಾಲದ ಮಸಿ, ನನ್ನ ತಲೆಯ ನಾಲ್ಕು ಕೂದಲು,
ಉಳಿದದ್ದೆಲ್ಲ ಮೇಕೆಯ ಒಳತುಪ್ಪಳ.
ಫ್ಯಾನಿನ ರೆಕ್ಕೆ ತಿರುತಿರುಗಿ, ತುಳಿತುಳಿದು,
ಮಗ್ಗವಿಲ್ಲದೆ ಹದವಾಗಿ ಮಾಡಿದ
ಅಂಗೈಯಗಲದ ಕಂಬಳಿ.

"ಕಂಬಳಿ ಹೊದಿಸಿಟ್ಟು
ಸೆಕೆ ಯಾಕೆ ಅಂತ ಬೈದೆಯಲ್ಲ," ಎಂದ.

ಚಿಪ್ಪಿನ ಮೇಲಿನ ಪೇಸ್ಟು
ಬಿಸಿಲಿಗೆ ಒಣಗಿಸಿದ ಮೊಸರಿನ ಬಿಲ್ಲೆಯಷ್ಟು ಗಟ್ಟಿ.
ಕೆರೆದ, ಒರೆಸಿದ, ಅಕ್ಕಿಕಾಳಿನಷ್ಟು ಹೊಸದನ್ನು ಇಟ್ಟ.
ಬೋರ್ಡಿನ ಒಂದು ಮೂಲೆ ಕಂದಿತ್ತು, ಅದನ್ನು ಬೆರಳಿನಿಂದ ತೋರಿಸಿ
"ಇದರ ಬಗ್ಗೆ ನಾನು ಮಾತು ಕೊಡಲಾರೆ."
ಮಾತು ಕೊಡದಿದ್ದಕ್ಕೆ ಹಣ ಕಡಿಮೆ ತೆಗೆದುಕೊಂಡ.

ಈಗ ಒಂದು ತಾಸು ನಡೆಯುತ್ತದೆ, ಕೆಲವೊಮ್ಮೆ ಎರಡು.
ಮೊನ್ನೆ ಸುಮ್ಮಸುಮ್ಮನೆ, ಬಿಸಿಯೇ ಇಲ್ಲದೆ, ನಿಂತುಬಿಟ್ಟಿತು.
ಅದರ ಕಾರಣ ಕ್ಯಾಲೆಂಡರಿನ ಬೆನ್ನಿನಲ್ಲಿಲ್ಲ.

ಆ ತುಂಡನ್ನು ಎಸೆಯಲು ಕೈ ಬರಲಿಲ್ಲ.
ಮಾದರಿ ತೂಗುವ ಸಣ್ಣ ತಕ್ಕಡಿಯಲ್ಲಿಟ್ಟೆ: ಎರಡು ಗ್ರಾಂ.
ಎಲ್ಲರ ಹೆಸರೂ ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ
ಬಣ್ಣ: ಬೂದಿ. ದರ್ಜೆ: ತಿಳಿಯದು.
ಒಡೆಯರು: ಎಲ್ಲರೂ. ಮುಂಗಡ:
ಏನು ಬರೆಯಲಿ ಎನ್ನುವಾಗ
ಎಡಮೂಲೆ ಮೆಲ್ಲಗೆ ಬೆಚ್ಚಗಾಯಿತು.

ಉಳಿಸಲೇ, ಎಂದು ಅದು ಕೇಳಿತು.
ಹೂಂ ಅಂದೆ, ಬಾಯಿಬಿಟ್ಟೇ,
ಒತ್ತುವುದಕ್ಕೂ ಮೊದಲು.